ಡರ್ಟ್ ಬೈಕ್, ಕ್ವಾಡ್ ಮತ್ತು ಇಡೀ ಮನೆ: ಆಫ್‌ರೋಡ್ ರಜೆಗೆ ತಯಾರಾಗುವುದು ಹೇಗೆ?

ಮೊದಲ ಸಲ ಮನೆಯವರನ್ನೆಲ್ಲ ಕರೆದುಕೊಂಡು ಆಫ್‌ರೋಡ್ ರಜೆಗೆ ಹೊರಟಾಗ ನಾನು ಮ್ಯಾಪ್ ಹರಡಿಕೊಂಡು ನನಗೆ ಇಷ್ಟವಾದ ದಾರಿ ಆರಿಸಿದೆ. 70 ಕಿಲೋಮೀಟರ್. ಮಧ್ಯೆ ಎರಡು ಹಳ್ಳ, ಕೊನೆಗೊಂದು ಕಲ್ಲಿನ ಏರು. ನನಗೆ ಅದು ಅರ್ಧ ದಿನದ ಆಟ. ಚಿಕ್ಕ ಮಗಳು 11ನೇ ಕಿಲೋಮೀಟರಿಗೆ ಬೈಕ್ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ ಒಂದು ಕಲ್ಲಿನ ಮೇಲೆ ಕೂತುಬಿಟ್ಟಳು. ಅಳಲಿಲ್ಲ, ಮಾತೂ ಆಡಲಿಲ್ಲ. ಆ ದಿನ ಅಲ್ಲಿಗೇ ಮುಗಿಯಿತು. ಮರುದಿನ ಬೈಕ್ ಹತ್ತಲು ಅವಳು ಒಪ್ಪಲಿಲ್ಲ.

ಆಮೇಲೆ ನನ್ನ ಲೆಕ್ಕ ಬದಲಾಯಿತು. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವರು ಯಾರು, ನಿಧಾನ ಯಾರು ಅಂತ ಮೊದಲು ನೋಡುತ್ತೇನೆ. ಜಾಗ, ದೂರ, ಗಾಡಿ, ಟೈಮ್ ಎಲ್ಲವನ್ನೂ ಅವರ ಅಳತೆಗೆ ಹೊಲಿಯುತ್ತೇನೆ. ಮುಂದೆ ಹೇಳುವುದೆಲ್ಲ ಈ ಲೆಕ್ಕದಲ್ಲೇ ಇದೆ.

ಮೊದಲು ಒಂದು ಹಾಳೆ ತೆಗೆದುಕೊಳ್ಳಿ

ಬರುವವರ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ನಾಲ್ಕು ವಿಷಯ: ವಯಸ್ಸು, ಕಾಲಿನ ಒಳ ಅಳತೆ, ಇದುವರೆಗೆ ಏನು ಓಡಿಸಿದ್ದಾರೆ, ಎಷ್ಟು ಹೊತ್ತಿಗೆ ಸುಸ್ತಾಗುತ್ತಾರೆ. ಕೊನೆಯದನ್ನು ಯಾರೂ ಬರೆಯುವುದಿಲ್ಲ. ಆದರೆ ದಿನದ ಪ್ಲ್ಯಾನ್ ನಿಂತಿರುವುದು ಅದರ ಮೇಲೆಯೇ. ಎಂಟು ವರ್ಷದ ಮಗುವಿಗೆ ಸೈಕಲ್ ತುಳಿಯುವಾಗ ಎಷ್ಟು ಹೊತ್ತಿಗೆ ಬೇಜಾರಾಗುತ್ತದೆ ಅಂತ ನಿಮಗೆ ಗೊತ್ತಿರುತ್ತದೆ. ಬೈಕ್ ಮೇಲೆ ಅದಕ್ಕಿಂತ ಬೇಗ ಆಗುತ್ತದೆ ಅಂತ ಇಟ್ಟುಕೊಳ್ಳಿ.

ಓಡಿಸಲು ಇಷ್ಟವಿಲ್ಲದವರೂ ಪಟ್ಟಿಯಲ್ಲಿ ಇರಲಿ. ಅವರನ್ನು ಒತ್ತಾಯ ಮಾಡಿ ಗಾಡಿ ಹತ್ತಿಸಬೇಡಿ. ವಯಸ್ಸಾದವರಿಗೆ, ಸುಮ್ನೆ ಜೊತೆಗೆ ಬರುವವರಿಗೆ ಸೈಡ್-ಬೈ-ಸೈಡ್ ಒಳ್ಳೆಯದು. ಅಂದರೆ ಅಕ್ಕಪಕ್ಕ ಸೀಟು, ಸ್ಟೀರಿಂಗ್, ಸೀಟ್ ಬೆಲ್ಟ್, ಮೇಲೆ ರೋಲ್ ಕೇಜ್ (ಗಾಡಿ ಉರುಳಿದರೆ ಒಳಗಿನವರನ್ನು ಕಾಯುವ ಗಟ್ಟಿ ಚೌಕಟ್ಟು) ಇರುವ ಗಾಡಿ. ಆದರೆ ಮಗುವನ್ನು ಅದರಲ್ಲಿ ಕೂರಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಬೆನ್ನು ಸೀಟಿಗೆ ಪೂರ್ತಿ ಒರಗಿದಾಗ ಎರಡೂ ಪಾದ ನೆಲಕ್ಕೆ ಸಮವಾಗಿ ಊರಬೇಕು, ಕೈಗೆ ಹಿಡಿ ಸಿಗಬೇಕು. ಇಲ್ಲವಾದರೆ ಆ ಮಗು ಇನ್ನೂ ಆ ಸೀಟಿಗೆ ಚಿಕ್ಕದು. ತೊಡೆಯ ಮೇಲೆ ಕೂರಿಸಿಕೊಳ್ಳುವುದು ಬೇಡವೇ ಬೇಡ. ಗಾಡಿ ಪಕ್ಕಕ್ಕೆ ವಾಲಿದಾಗ ಕೈ ಹೊರಗೆ ಚಾಚಿ ನೆಲ ಹಿಡಿಯಲು ಎಲ್ಲರಿಗೂ ಮನಸ್ಸಾಗುತ್ತದೆ. ಬೆರಳು, ಮುಂಗೈ ಜಜ್ಜಿ ಹೋಗುವುದು ಹಾಗೆಯೇ. ಈ ಮಾತನ್ನು ದೊಡ್ಡವರಿಗೂ ಹೇಳಿ.

ಮಗುವಿಗೆ ಬೈಕಾ, ಕ್ವಾಡಾ?

ಹೆಚ್ಚಿನ ಅಪ್ಪ-ಅಮ್ಮಂದಿರು ಕ್ವಾಡ್ ಕಡೆ, ಅಂದರೆ ಬೈಕಿನ ಹಾಗೆ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿಯ ಕಡೆ ವಾಲುತ್ತಾರೆ. ನಾಲ್ಕು ಚಕ್ರ ಇದೆ, ನಿಂತಲ್ಲೇ ನಿಲ್ಲುತ್ತದೆ, ಬೀಳಲ್ಲ ಅಲ್ವಾ ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ಈಗ ನನ್ನ ಅಭಿಪ್ರಾಯ ಪೂರ್ತಿ ಉಲ್ಟಾ.

ಚಿಕ್ಕ ಡರ್ಟ್ ಬೈಕ್ ಬೀಳುತ್ತದೆ, ಪದೇ ಪದೇ ಬೀಳುತ್ತದೆ. ಆದರೆ ಅದು ಪಕ್ಕಕ್ಕೆ ಬೀಳುತ್ತದೆ, ಮಗು ಇನ್ನೊಂದು ಪಕ್ಕಕ್ಕೆ ಹಾರಿಕೊಳ್ಳುತ್ತದೆ. ಕ್ವಾಡ್ ಅಪರೂಪಕ್ಕೆ ಬೀಳುತ್ತದೆ. ಬಿದ್ದರೆ ಉರುಳುತ್ತದೆ, ಉರುಳುವಾಗ ಸವಾರನ ಮೇಲೆಯೇ ಬರುತ್ತದೆ. ದೊಡ್ಡವರ ಕ್ವಾಡ್ 250-300 ಕಿಲೋ ತೂಗುವುದು ಮಾಮೂಲು. ಅದು ಮೈ ಮೇಲೆ ಬಿದ್ದರೆ ಮಗು ಒಂದೇ ಕೈಯಲ್ಲಿ ಎತ್ತಿ ಹೊರಬರುವುದು ಸಾಧ್ಯವಿಲ್ಲದ ಮಾತು. ಕ್ವಾಡ್ ತಿರುಗಿಸಲು ಹ್ಯಾಂಡಲ್ ಒಂದೇ ಸಾಲದು, ಮೈಭಾರವನ್ನು ತಿರುವಿನ ಒಳಗಡೆಗೆ ಜರುಗಿಸಬೇಕು. 25 ಕಿಲೋ ತೂಕದ ಮಗುವಿನ ಮೈಭಾರಕ್ಕೆ ದೊಡ್ಡ ಕ್ವಾಡ್ ಕ್ಯಾರೇ ಅನ್ನುವುದಿಲ್ಲ.

ಇದರ ಹಿಂದೆ ಒಂದು ಇತಿಹಾಸವೂ ಇದೆ. ಹೋಂಡಾ 1970ರಲ್ಲಿ ಮೂರು ಚಕ್ರದ ಎಟಿವಿಯನ್ನು (ಎಂಥ ನೆಲದ ಮೇಲೂ ಓಡುವ ಗಾಡಿ, ಕ್ವಾಡ್ ಕೂಡ ಎಟಿವಿಯೇ) ಮಾರುಕಟ್ಟೆಗೆ ತಂದಿತು. ಜನ ಮುಗಿಬಿದ್ದು ಕೊಂಡರು. ಎಷ್ಟು ಮಂದಿ ಉರುಳಿ ಗಾಯಗೊಂಡರೆಂದರೆ, 1988ರಲ್ಲಿ ತಯಾರಕರು ಅಮೆರಿಕ ಸರ್ಕಾರದ ಜೊತೆ ಒಪ್ಪಂದಕ್ಕೆ ಬಂದು ಅಲ್ಲಿ ಮೂರು ಚಕ್ರದ ಹೊಸ ಗಾಡಿಗಳ ಮಾರಾಟವನ್ನೇ ನಿಲ್ಲಿಸಿದರು. ನಾಲ್ಕು ಚಕ್ರ ಬಂದ ಮೇಲೆ ತೊಂದರೆ ಕಡಿಮೆಯಾಯಿತು, ಹೋಗಲಿಲ್ಲ. 16 ವರ್ಷಕ್ಕಿಂತ ಚಿಕ್ಕವರು ಎಟಿವಿ ಓಡಿಸಲೇಬಾರದು ಎನ್ನುವುದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ ನಿಲುವು. ತಯಾರಕರು ಮಾತ್ರ ವಯಸ್ಸಿನ ಲೇಬಲ್ ಅಂಟಿಸಿ ಮಕ್ಕಳ ಕ್ವಾಡ್ ಮಾರುತ್ತಾರೆ: 6+, 10+, 12+ ಹೀಗೆ. ದೊಡ್ಡ ಗಾಡಿಗೆ 16+. ನಿಮ್ಮ ಮನೆಗೆ ಯಾವುದು ಸರಿ ಅಂತ ನೀವೇ ನಿರ್ಧರಿಸಬೇಕು. ನಾನು ಹೇಳುವುದು ಇಷ್ಟೇ: ಆ ಲೇಬಲ್ ಅನ್ನು ಕನಿಷ್ಠ ಮಟ್ಟ ಅಂತ ಓದಿ. ಲೇಬಲ್ 12+ ಅಂದಿದ್ದರೆ ಹತ್ತು ವರ್ಷದ ಚುರುಕು ಮಗುವಿಗೂ ಕೊಡಬೇಡಿ. "ಇವನು ವಯಸ್ಸಿಗೆ ಮೀರಿ ಎತ್ತರ" ಅನ್ನುವ ಸಮಜಾಯಿಷಿ ಬೇಡ. ಎತ್ತರ ಬಂದ ಮಾತ್ರಕ್ಕೆ ಅಂದಾಜು ಬರುವುದಿಲ್ಲ.

ಇನ್ನೊಂದು. ಹೆಚ್ಚಿನ ಕ್ವಾಡ್ ಒಬ್ಬರಿಗೆ ಮಾತ್ರ ಮಾಡಿದ್ದು. ಸೀಟು ಉದ್ದ ಇರುವುದು ಹಿಂದೆ ಮುಂದೆ ಜರುಗಲು, ಇನ್ನೊಬ್ಬರನ್ನು ಕೂರಿಸಲು ಅಲ್ಲ. ಇಬ್ಬರ ಗಾಡಿ ಬೇಕಿದ್ದರೆ ಇಬ್ಬರಿಗೆಂದೇ ಮಾಡಿದ್ದನ್ನು ಬಾಡಿಗೆಗೆ ಪಡೆಯಿರಿ.

ಬೈಕ್ ಆರಿಸುವಾಗ ಸಿಸಿಗಿಂತ ಮೊದಲು ಸೀಟಿನ ಎತ್ತರ ನೋಡಿ. ಕಲಿಯುವ ಮಗುವಿಗೆ ಸೀಟಿನ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಊರಬೇಕು. ಬರೀ ಬೆರಳ ತುದಿ ತಾಗಿದರೆ ಸಾಲದು. ಯಮಹಾ ಪಿಡಬ್ಲ್ಯು50 ಸೀಟು ಸುಮಾರು 48 ಸೆಂಟಿಮೀಟರ್ ಎತ್ತರ. ಗೇರ್ ಇಲ್ಲ, ಕ್ಲಚ್ ಇಲ್ಲ, ಚೈನ್ ಬದಲು ಶಾಫ್ಟ್. ಹೋಂಡಾ ಸಿಆರ್‌ಎಫ್50ಎಫ್ ಸುಮಾರು 55 ಸೆಂಟಿಮೀಟರ್, ಮೂರು ಗೇರ್, ಕೈ ಕ್ಲಚ್ ಇಲ್ಲ. ಸಿಆರ್‌ಎಫ್110ಎಫ್ ಸುಮಾರು 66. ಆಮೇಲೆ ಸಿಆರ್‌ಎಫ್125ಎಫ್, ಅದರಲ್ಲಿ ಕೈ ಕ್ಲಚ್ ಬರುತ್ತದೆ. ಪಿಡಬ್ಲ್ಯು50, ಸಿಆರ್‌ಎಫ್50ಎಫ್ ಎರಡರಲ್ಲೂ ಥ್ರಾಟಲ್ (ಆಕ್ಸಿಲರೇಟರ್) ಎಷ್ಟು ತಿರುಗಬೇಕು ಅಂತ ಮಿತಿ ಹಾಕುವ ಸ್ಕ್ರೂ ಇದೆ. ಮೊದಲ ದಿನ ಅದನ್ನು ಒಳಗೆ ತಿರುಗಿಸಿಡಿ. ಮಗು ಬೇಡಿಕೊಂಡಾಗ ಅಲ್ಲ, ಬ್ರೇಕ್ ಹಿಡಿಯುವುದು ಸರಿಯಾಗಿ ಬಂದಾಗ ಸಡಿಲಿಸಿ.

ಬಾಡಿಗೆ ಗಾಡಿಯಾದರೆ ಮೂರು ಪ್ರಶ್ನೆ ಮುಂಚೆಯೇ ಕೇಳಿ. ಎಷ್ಟು ವಯಸ್ಸಿನಿಂದ ಕೊಡುತ್ತಾರೆ? ಗಾಡಿಗೆ ಪೆಟ್ಟಾದರೆ ಯಾರು ಎಷ್ಟು ಕೊಡಬೇಕು? ಗಾಡಿ ನಡುದಾರಿಯಲ್ಲಿ ಕೆಟ್ಟರೆ ತರಲು ಯಾರು ಬರುತ್ತಾರೆ? ತೆಗೆದುಕೊಳ್ಳುವಾಗ ಸುತ್ತಲೂ ಫೋಟೋ ತೆಗೆಯಿರಿ, ಕೆಳಗಿನ ಭಾಗವೂ ಬರಲಿ. ಒಮ್ಮೆ ನಾನು ಇದನ್ನು ಮರೆತು, ನಾನು ಮುರಿಯದ ಫೆಂಡರಿಗೆ ಹಣ ಕಟ್ಟಿದ್ದೇನೆ.

ಜಾಗ: ಹೂವಿನ ಎಸಳಿನ ಹಾಗೆ ದಾರಿ ಬೇಕು

ಮನೆಮಂದಿಗೆಲ್ಲ ಸರಿಹೊಂದುವ ಜಾಗದ ಗುರುತು ಬೇರೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವ ಉದ್ದ ದಾರಿ ಬೇಡ. ಕ್ಯಾಂಪ್ ನಡುವೆ ಇರಬೇಕು, ಅಲ್ಲಿಂದ ಎಸಳುಗಳ ಹಾಗೆ ಸಣ್ಣ ಸಣ್ಣ ಸುತ್ತುಗಳು ಹೊರಟು ಮತ್ತೆ ಅಲ್ಲಿಗೇ ಬರಬೇಕು. 5 ಕಿಲೋಮೀಟರಿನದ್ದು ಒಂದು, 10ರದ್ದು ಒಂದು, 25ರದ್ದು ಒಂದು. ಆಗ ಸುಸ್ತಾದವರು ಯಾವ ಸುತ್ತಿನ ಕೊನೆಯಲ್ಲಾದರೂ ಇಳಿಯಬಹುದು, ಉಳಿದವರು ಮುಂದುವರಿಯಬಹುದು. ಮಕ್ಕಳ ಜೊತೆ ದಿನಕ್ಕೆ 20-30 ಕಿಲೋಮೀಟರ್ ಆದರೆ ಬೇಕಾದಷ್ಟಾಯಿತು.

ಹಲವು ಕಡೆ ಟ್ರೇಲ್‌ಗಳಿಗೆ, ಅಂದರೆ ಓಡಿಸುವ ಕಚ್ಚಾ ದಾರಿಗಳಿಗೆ, ಬಣ್ಣದ ಗುರುತು ಇರುತ್ತದೆ. ಹಸಿರು ಸುಲಭ, ನೀಲಿ ಮಧ್ಯಮ, ಕಪ್ಪು ಕಷ್ಟ. ಆದರೆ ಒಂದು ಜಾಗದ ಹಸಿರು ಇನ್ನೊಂದು ಜಾಗದ ನೀಲಿ ಆಗಿರಬಹುದು. ಮಳೆ ಬಂದ ಮರುದಿನ ಹಸಿರೂ ಕಪ್ಪಾಗುತ್ತದೆ. ಹಾಗಾಗಿ ಮಕ್ಕಳನ್ನು ಕರೆದೊಯ್ಯುವ ದಾರಿಯಲ್ಲಿ ದೊಡ್ಡವರೊಬ್ಬರು ಬೆಳಿಗ್ಗೆ ಬೇಗ ಎದ್ದು ಒಂದು ಸುತ್ತು ಹೋಗಿ ಬನ್ನಿ. ನಿಜ ಹೇಳಬೇಕೆಂದರೆ ನಾನು ಮನಸ್ಸಿಗೆ ಬಂದ ಹಾಗೆ ಓಡಿಸಲು ಸಿಗುವ ಟೈಮ್ ಅದೊಂದೇ!

ನಿಯಮಗಳನ್ನು ಹೊರಡುವ ಮುಂಚೆಯೇ ತಿಳಿದುಕೊಳ್ಳಿ. ಪರ್ಮಿಟ್ ಬೇಕಾ, ಗಾಡಿ ನೋಂದಣಿ ಬೇಕಾ, ವಿಮೆ ಬೇಕಾ, ಎಷ್ಟು ವಯಸ್ಸಿನವರು ಓಡಿಸಬಹುದು, ಯಾವ ತಿಂಗಳು ಮುಚ್ಚಿರುತ್ತದೆ, ಬೆಂಕಿ ಹಾಕಬಹುದಾ. ಕಾಡಿನ ಜಾಗಗಳಲ್ಲಿ ಸೈಲೆನ್ಸರಿಗೆ ಸ್ಪಾರ್ಕ್ ಅರೆಸ್ಟರ್ ಕೇಳುವುದುಂಟು. ಅದು ಹೊಗೆಯ ಜೊತೆ ಹಾರುವ ಕಿಡಿಯನ್ನು ತಡೆಯುವ ಜಾಲರಿ. ಮರಳು ದಿಬ್ಬಗಳಲ್ಲಿ ಎತ್ತರದ ಬಾವುಟ ಕಟ್ಟಬೇಕಾಗುತ್ತದೆ. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಮರಳು ದಿಬ್ಬಗಳಲ್ಲಿ ಅದು ನೆಲದಿಂದ 8 ಅಡಿ ಮೇಲಿರಬೇಕು. ದಿಬ್ಬದ ಆಚೆ ಬದಿಯಿಂದ ಬರುವವರಿಗೆ ಮೊದಲು ಕಾಣುವುದು ಬಾವುಟದ ತುದಿಯೇ. ನಿಯಮ ಇಲ್ಲದ ಕಡೆಯೂ ಮರಳಿನಲ್ಲಿ ಅದನ್ನು ಕಟ್ಟಿ.

ಆಸ್ಪತ್ರೆ ಎಷ್ಟು ದೂರ ಅಂತ ನೋಡಿ. ಕಿಲೋಮೀಟರ್ ಅಲ್ಲ, ನಿಮಿಷದ ಲೆಕ್ಕದಲ್ಲಿ. ಎರಡು ಗಂಟೆಗಿಂತ ಜಾಸ್ತಿ ಆದರೆ ಚಿಕ್ಕ ಮಕ್ಕಳ ಜೊತೆ ಆ ಜಾಗ ನನಗೆ ಬೇಡ.

ಹೊರಡುವ ಮುಂಚಿನ ನಾಲ್ಕು ವಾರ

ರಜೆಯಲ್ಲೇ ಕಲಿಸೋಣ ಅಂದುಕೊಂಡರೆ ಕೆಟ್ಟಿರಿ. ಮನೆ ಹತ್ತಿರ ಎಲ್ಲಾದರೂ ಅನುಮತಿ ಇರುವ ಬಯಲು ಹುಡುಕಿ, ವಾರಕ್ಕೊಂದು ಸಲ ಅಭ್ಯಾಸ ಮಾಡಿಸಿ. ತರಬೇತಿ ಶಾಲೆ ಸಿಕ್ಕರೆ ಇನ್ನೂ ಒಳ್ಳೆಯದು. ಅಪ್ಪ-ಅಮ್ಮ ಹತ್ತು ಸಲ ಹೇಳಿದ್ದು ಹೊರಗಿನವರು ಒಂದು ಸಲ ಹೇಳಿದರೆ ಮಕ್ಕಳ ತಲೆಗೆ ಹೋಗುತ್ತದೆ.

ಮೊದಲು ನಿಲ್ಲಿಸಲು ಕಲಿಸಿ. ಓಡಿಸುವುದು ಆಮೇಲೆ. ಎಂಜಿನ್ ಆಫ್ ಮಾಡುವ ಕೆಂಪು ಸ್ವಿಚ್ ಎಲ್ಲಿದೆ ಅಂತ ಕಣ್ಣು ಮುಚ್ಚಿಕೊಂಡು ಮುಟ್ಟಿ ತೋರಿಸಲಿ. ಆಮೇಲೆ ಎರಡು ಕಲ್ಲಿನ ನಡುವೆ ಗಾಡಿ ನಿಲ್ಲಿಸುವ ಆಟ. ನಂತರ ಎಂಟರ ಆಕಾರದಲ್ಲಿ ಸುತ್ತು. ಕಾಲುಪೆಗ್ಗಿನ (ಪಾದ ಇಡುವ ಕಡ್ಡಿಯ) ಮೇಲೆ ನಿಂತು ಓಡಿಸುವುದು ಮೂರನೇ ವಾರ. ಮಂಡಿ ಸ್ವಲ್ಪ ಮಡಚಿ, ಮೊಣಕೈ ಹೊರಗೆ, ಕಣ್ಣು ದೂರ. ಇಳಿಜಾರು ಕೊನೆಗೆ.

ಒಂದೇ ಮಗು ಬೈಕನ್ನೂ ಕ್ವಾಡನ್ನೂ ಓಡಿಸುವುದಾದರೆ ಇದನ್ನು ಎರಡು ಸಲ ಓದಿ. ಬೈಕ್ ತಿರುಗಿಸುವಾಗ ಒಳಗಿನ ಕಾಲನ್ನು ಹೊರಗೆ ಚಾಚುವುದು ಅಭ್ಯಾಸ. ಕ್ವಾಡ್ ಮೇಲೆ ಅದೇ ಕಾಲು ಚಾಚಿದರೆ ಹಿಂದಿನ ಚಕ್ರ ಆ ಕಾಲನ್ನು ಹಿಡಿದು ಎಳೆದುಕೊಳ್ಳುತ್ತದೆ. ಕ್ವಾಡ್ ಮೇಲೆ ಪಾದ ಯಾವತ್ತೂ ಪೆಗ್ಗಿನ ಮೇಲೆಯೇ ಇರಬೇಕು. ಬೈಕಿನ ಥ್ರಾಟಲ್ ತಿರುಗಿಸುವುದು, ಹೆಚ್ಚಿನ ಕ್ವಾಡಿನದ್ದು ಹೆಬ್ಬೆರಳಲ್ಲಿ ಒತ್ತುವುದು. ಗಾಬರಿಯಾದಾಗ ಕೈ ಹಳೆಯ ಅಭ್ಯಾಸವನ್ನೇ ಹುಡುಕುತ್ತದೆ. ಒಂದೇ ದಿನ ಎರಡನ್ನೂ ಅದಲು ಬದಲು ಮಾಡಬೇಡಿ.

ಮೈಗೆ ಹಾಕುವುದು

ಹಣ ಕಡಿಮೆ ಇದ್ದರೆ ಹಳೆಯ ಬೈಕ್ ತನ್ನಿ, ಹೊಸ ಹೆಲ್ಮೆಟ್ ತನ್ನಿ. ಉಲ್ಟಾ ಮಾಡಬೇಡಿ. ಇಸಿಇ (ಯುರೋಪಿನದ್ದು) ಅಥವಾ ಡಾಟ್ (ಅಮೆರಿಕದ್ದು) ಸುರಕ್ಷತಾ ಗುರುತು ಇರುವ ಆಫ್‌ರೋಡ್ ಹೆಲ್ಮೆಟ್ ಇರಲಿ. "ಬೆಳೆಯುವ ಮಗು, ಒಂದು ಸೈಜ್ ದೊಡ್ಡದೇ ಇರಲಿ" ಅನ್ನುವುದು ಬಟ್ಟೆಗೆ ಸರಿ, ಹೆಲ್ಮೆಟ್‌ಗೆ ಅಲ್ಲ. ಪಟ್ಟಿ ಬಿಗಿದು, ಹಿಂದಿನಿಂದ ಮೇಲಕ್ಕೆತ್ತಿ ಮುಂದಕ್ಕೆ ಉರುಳಿಸಲು ನೋಡಿ. ಕಳಚಿ ಬಂದರೆ ಅದು ದೊಡ್ಡದು. ಪಕ್ಕಕ್ಕೆ ತಿರುಗಿಸಿದಾಗ ಕೆನ್ನೆಯ ಚರ್ಮವೂ ಜೊತೆಗೆ ಎಳೆಯಬೇಕು. ತೂಕವನ್ನೂ ನೋಡಿ, ಮಗುವಿನ ಕುತ್ತಿಗೆ ಇಡೀ ದಿನ ಅದನ್ನು ಹೊರಬೇಕು. ಒಮ್ಮೆ ಗಟ್ಟಿಯಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ.

ಗಾಗಲ್ಸ್, ಪೂರ್ತಿ ಬೆರಳಿನ ಗ್ಲೌಸ್, ಉದ್ದ ತೋಳು, ಉದ್ದ ಪ್ಯಾಂಟ್, ಎದೆ-ಬೆನ್ನಿನ ಕವಚ, ಮೊಣಕೈ ಮತ್ತು ಮಂಡಿ ಪ್ಯಾಡ್. ಆಮೇಲೆ ಬೂಟು. ಡರ್ಟ್ ಬೈಕಿನ ಗಟ್ಟಿ ಬೂಟು ಹೊಸದರಲ್ಲಿ ಕಾಲಿಗೆ ಮರದ ಪೆಟ್ಟಿಗೆ ಕಟ್ಟಿದ ಹಾಗಿರುತ್ತದೆ. ಗೇರ್ ಲಿವರ್ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಅದಕ್ಕೇ ಹೇಳುವುದು, ನಾಲ್ಕು ವಾರ ಮುಂಚೆ ತಂದು ಮನೆಯಲ್ಲೇ ಹಾಕಿಕೊಂಡು ಓಡಾಡಲಿ. ಟಿವಿ ನೋಡುವಾಗ ಹಾಕಿಕೊಂಡರೂ ಆಯಿತು.

ಬೆನ್ನಿಗೆ ನೀರಿನ ಚೀಲ. ದೊಡ್ಡವರಿಗೆ 2-3 ಲೀಟರ್. ಮಕ್ಕಳಿಗೆ ಚಿಕ್ಕದು ಸಾಕು, ಆದರೆ ಅವರದ್ದೇ ಇರಲಿ. ಹೆಲ್ಮೆಟ್ ತೆಗೆಯದೆ ಪೈಪಿನಿಂದ ಹೀರುವ ಹಾಗಿದ್ದರೆ ಮಾತ್ರ ಮಕ್ಕಳು ನೀರು ಕುಡಿಯುತ್ತಾರೆ.

ಗಾಡಿ ಸಾಗಿಸುವುದು

ರಜೆಯ ಮೊದಲ ಗಾಯ ಆಗುವುದು ಟ್ರೇಲಿನಲ್ಲಿ ಅಂದುಕೊಂಡಿರುತ್ತೇವೆ. ನಮ್ಮಲ್ಲಿ ಅದು ಆದದ್ದು ಮನೆ ಮುಂದೆ, ಗಾಡಿಯನ್ನು ಪಿಕಪ್‌ಗೆ ಹತ್ತಿಸುವಾಗ. ಹತ್ತಿಸುವ ಹಲಗೆ ಹಿಂದಕ್ಕೆ ಜಾರಿತು, ಬೈಕ್ ಮತ್ತು ನಾನು ಇಬ್ಬರೂ ಕೆಳಗೆ. ಹಲಗೆಯನ್ನು ಸರಪಳಿಯಿಂದ ಅಥವಾ ಪಟ್ಟಿಯಿಂದ ಪಿಕಪ್‌ಗೆ ಕಟ್ಟಿ, ಆಮೇಲೆ ಹತ್ತಿಸಿ. ಕ್ವಾಡನ್ನು ಕಡಿದಾದ ಹಲಗೆಯ ಮೇಲೆ ಓಡಿಸಿಕೊಂಡು ಹೋದರೆ ಮುಂದಿನ ಚಕ್ರ ಎದ್ದು ಹಿಂದಕ್ಕೆ ಮಗುಚುವುದುಂಟು. ವಿಂಚ್ ಇದ್ದರೆ ವಿಂಚ್‌ನಿಂದ ಎಳೆಯಿರಿ, ಇಲ್ಲವಾದರೆ ತಗ್ಗಿನ ಟ್ರೇಲರ್ ಬಳಸಿ.

ಬೈಕ್ ಕಟ್ಟುವಾಗ ಮುಂದಿನ ಚಕ್ರ ಗಟ್ಟಿ ಗೋಡೆಗೋ ಚಕ್ರ ತಡೆಯುವ ಅಡ್ಡಕ್ಕೋ (ವೀಲ್ ಚಾಕ್) ತಾಗಿರಲಿ. ಹ್ಯಾಂಡಲಿನ ಎರಡೂ ಕಡೆಯಿಂದ ಪಟ್ಟಿ ಮುಂದಕ್ಕೆ, ಕೆಳಕ್ಕೆ. ಫೋರ್ಕ್ (ಮುಂದಿನ ಸಸ್ಪೆನ್ಷನ್) ಅರ್ಧದಷ್ಟು ಒತ್ತಿದರೆ ಸಾಕು, ಪೂರ್ತಿ ಒತ್ತಿಟ್ಟರೆ ಸೀಲ್‌ಗಳಿಗೆ ಒಳ್ಳೆಯದಲ್ಲ. ಕ್ವಾಡಿಗೆ ನಾಲ್ಕು ಮೂಲೆಗೆ ನಾಲ್ಕು ಪಟ್ಟಿ, ಪಾರ್ಕಿಂಗ್ ಬ್ರೇಕ್ ಹಾಕಿ, ಪೆಟ್ರೋಲ್ ಕಾಕ್ ಇದ್ದರೆ ಮುಚ್ಚಿ. ಟ್ರೇಲರ್ ತೂಕದ 10ರಿಂದ 15 ಶೇಕಡಾ ಕೊಂಡಿಯ ಮೇಲೆ ಬರುವ ಹಾಗೆ ಭಾರ ಹಂಚಿ. ಹಿಂದೆ ಭಾರ ಜಾಸ್ತಿಯಾದರೆ ಟ್ರೇಲರ್ ಹಾವಿನ ಹಾಗೆ ಅಲ್ಲಾಡಲು ಶುರು ಮಾಡುತ್ತದೆ. 15-20 ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಬಿಗಿಯಿರಿ, ಖಂಡಿತ ಸಡಿಲ ಆಗಿರುತ್ತವೆ. ಹಾಗೇ ಟ್ರೇಲರ್ ಚಕ್ರದ ಹಬ್ ಹತ್ತಿರ ಕೈ ಇಟ್ಟು ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗ್ ಅಥವಾ ಬ್ರೇಕ್ ಕೈಕೊಡುತ್ತಿದೆ ಅಂತ ಅರ್ಥ.

ಕ್ಯಾಂಪಿನಲ್ಲಿ

ಇಳಿದ ತಕ್ಷಣ ಮಕ್ಕಳು ಗಾಡಿ ಹತ್ತಲು ಕುಣಿಯುತ್ತಾರೆ. ಅದಕ್ಕೆ ಮುಂಚೆ ಎರಡು ಗೆರೆ ಎಳೆಯಿರಿ. ಟೆಂಟ್ ಮತ್ತು ಒಲೆ ಇರುವ ಕಡೆ ಎಂಜಿನ್ ಆನ್ ಇರಕೂಡದು, ತಳ್ಳಿಕೊಂಡೇ ಬರಬೇಕು. ಕ್ಯಾಂಪಿನ ಸುತ್ತ ಮೊದಲ ಗೇರ್ ಮಾತ್ರ, ನಡಿಗೆಯ ವೇಗ. ಬಿಸಿ ಸೈಲೆನ್ಸರ್ ಇರುವ ಬದಿ ಗೋಡೆಯ ಕಡೆಗೆ ಬರುವ ಹಾಗೆ ಗಾಡಿ ನಿಲ್ಲಿಸಿ. ಹೆಲ್ಮೆಟ್ ಇಲ್ಲದೆ "ಇಲ್ಲೇ ಒಂದು ರೌಂಡ್" ಅನ್ನುವುದು ಯಾರಿಗೂ ಇಲ್ಲ. ಅಪ್ಪನಿಗೂ ಇಲ್ಲ. ರಾತ್ರಿ ಕೀಗಳು ಒಂದೇ ಚೀಲದಲ್ಲಿ, ದೊಡ್ಡವರ ಹತ್ತಿರ.

ಕುಡಿಯಲು, ಅಡಿಗೆಗೆ, ಕೈಕಾಲಿಗೆ ಸೇರಿ ತಲೆಗೆ ದಿನಕ್ಕೆ ಕನಿಷ್ಠ 4 ಲೀಟರ್ ನೀರು. ಟೂ-ಸ್ಟ್ರೋಕ್ ಗಾಡಿ ಇದ್ದರೆ ಆಯಿಲ್ ಬೆರೆಸಿದ ಪೆಟ್ರೋಲ್ ಕ್ಯಾನಿಗೆ ದಪ್ಪಕ್ಷರದಲ್ಲಿ ಬರೆದಿಡಿ. 50:1 ಅಂದರೆ ಲೀಟರಿಗೆ 20 ಎಂಎಲ್, 40:1 ಅಂದರೆ 25 ಎಂಎಲ್. ಎಷ್ಟು ಅನ್ನುವುದನ್ನು ಗಾಡಿಯ ಪುಸ್ತಕ ನೋಡಿ ಹಾಕಿ. ಬೆರೆಸದ ಪೆಟ್ರೋಲನ್ನು ತಪ್ಪಿ ಟೂ-ಸ್ಟ್ರೋಕ್‌ಗೆ ಸುರಿದರೆ ಎಂಜಿನ್ ಸೀಜ್ ಆಗುತ್ತದೆ. ಆದರೆ ಯಮಹಾ ಪಿಡಬ್ಲ್ಯು50 ಥರ ಆಯಿಲ್‌ಗೆ ಬೇರೆ ಟ್ಯಾಂಕ್ ಇದ್ದರೆ ಬೆರೆಸುವುದು ಬೇಡ, ಆ ಟ್ಯಾಂಕ್ ಖಾಲಿಯಾಗದ ಹಾಗೆ ನೋಡಿಕೊಂಡರೆ ಆಯಿತು.

ಬೆಳಿಗ್ಗೆ ಹತ್ತು ನಿಮಿಷ

ಮಕ್ಕಳಿಂದಲೇ ಮಾಡಿಸಿ, ಅವರಿಗೆ ಇದು ಇಷ್ಟ. ಚಕ್ರದಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಟೈರಿನ ಗಾಳಿ, ಕಡ್ಡಿಗಳು, ಬ್ರೇಕ್, ಥ್ರಾಟಲ್ ಬಿಟ್ಟ ತಕ್ಷಣ ಟಪ್ ಅಂತ ಮುಚ್ಚುತ್ತದಾ, ಚೈನಿನ ಸಡಿಲ, ಆಯಿಲ್, ಪೆಟ್ರೋಲ್, ನಟ್ಟು ಬೋಲ್ಟು. ಡರ್ಟ್ ಬೈಕಿಗೆ ಸಾಮಾನ್ಯವಾಗಿ 12-15 ಪಿಎಸ್‌ಐ ಗಾಳಿ. ಕ್ವಾಡಿಗೆ 4ರಿಂದ 7 ಅಷ್ಟೇ. ಕಾರಿನ ಗೇಜ್ ಅಷ್ಟು ಕೆಳಗೆ ಸರಿಯಾಗಿ ತೋರಿಸುವುದಿಲ್ಲ, ಕಡಿಮೆ ಒತ್ತಡದ ಗೇಜ್ ಬೇಕು. ಎರಡೂ ಬದಿ ಒಂದೇ ಸಮ ಇರಬೇಕು, ಇಲ್ಲವಾದರೆ ಕ್ವಾಡ್ ಒಂದೇ ಕಡೆಗೆ ಎಳೆಯುತ್ತದೆ.

ಟ್ರೇಲಿನ ಮೇಲೆ

ಸಾಲಿನ ಕ್ರಮ ಹೀಗಿರಲಿ. ಮುಂದೆ ದಾರಿ ಗೊತ್ತಿರುವ ದೊಡ್ಡವರು. ಅವರ ಹಿಂದೆಯೇ ಅತಿ ನಿಧಾನದ ಮಗು. ಕೊನೆಯಲ್ಲಿ, ಟೂಲ್ಸ್ ಹೊತ್ತುಕೊಂಡು, ಗಾಡಿ ರಿಪೇರಿ ಗೊತ್ತಿರುವವರು. ನಿಧಾನದವರನ್ನು ಹಿಂದೆ ಹಾಕಿದರೆ ಅವರು ಯಾವಾಗಲೂ ಮುಂದಿನವರನ್ನು ಹಿಡಿಯಲು ತಮ್ಮ ಶಕ್ತಿ ಮೀರಿ ಓಡಿಸುತ್ತಾರೆ. ಬೀಳುವುದು ಆಗಲೇ. ಮುಂದೆ ಹಾಕಿದರೆ ಇಡೀ ಗುಂಪಿನ ವೇಗ ತಾನಾಗಿಯೇ ಸರಿಹೋಗುತ್ತದೆ.

ದಾರಿ ಕವಲೊಡೆಯುವ ಕಡೆ ಒಂದೇ ನಿಯಮ: ನಿಮ್ಮ ಹಿಂದಿನವರು ಕಣ್ಣಿಗೆ ಕಾಣುವ ತನಕ ಅಲ್ಲೇ ನಿಲ್ಲಬೇಕು. ಅವರು ಬಂದು, ಯಾವ ಕಡೆ ಅಂತ ನೋಡಿದ ಮೇಲೆ ಹೊರಡಬೇಕು. ಎಲ್ಲರೂ ತಮ್ಮ ಹಿಂದಿನ ಒಬ್ಬರನ್ನು ನೋಡಿಕೊಂಡರೆ ಯಾರೂ ಕಳೆದುಹೋಗುವುದಿಲ್ಲ. ಮಗು ದಾರಿ ತಪ್ಪಿದರೆ ಏನು ಮಾಡಬೇಕು ಅಂತಲೂ ಮೊದಲೇ ಹೇಳಿರಿ: ಎಂಜಿನ್ ಆಫ್ ಮಾಡು, ಗಾಡಿ ಪಕ್ಕ ದಾರಿಯ ಅಂಚಿನಲ್ಲಿ ಇರು, ಸೀಟಿ ಊದು. ಹುಡುಕಿಕೊಂಡು ಹೋಗಬೇಡ. ಸೀಟಿಯನ್ನು ಅವರ ಜಾಕೆಟ್ಟಿಗೇ ಕಟ್ಟಿ.

ಎದುರಿನಿಂದ ಬರುವವರಿಗೆ ಹಿಂದೆ ಇನ್ನೂ ಎಷ್ಟು ಮಂದಿ ಇದ್ದಾರೆ ಅಂತ ಬೆರಳಲ್ಲಿ ತೋರಿಸುವ ರೂಢಿ ಹಲವು ಕಡೆ ಇದೆ. ಮೂವರಿದ್ದರೆ ಮೂರು ಬೆರಳು. ಕೊನೆಯವರು ಮುಷ್ಟಿ ತೋರಿಸುತ್ತಾರೆ. ಆದರೆ ಹೊಸಬರು ಕೈ ಬಿಟ್ಟು ಸನ್ನೆ ಮಾಡಲು ಹೋಗಿ ಬೀಳುವುದು ಬೇಡ. ಅವರು ತಲೆ ಆಡಿಸಿದರೆ ಸಾಕು.

ಧೂಳಿನ ಮಾತು. ಒಣ ದಾರಿಯಲ್ಲಿ ಮುಂದಿನವರ ಧೂಳು ಇಳಿಯುವಷ್ಟು ಅಂತರ ಬಿಡಿ. ಕಣ್ಣಿಗೆ ಕಾಣದೆ ಓಡಿಸುವುದು ಧೈರ್ಯವಲ್ಲ. ಎಂಜಿನ್‌ಗೂ ಧೂಳೇ ದೊಡ್ಡ ಶತ್ರು. ದಿನ ಸಂಜೆ ಗಾಳಿಯ ಫೋಮ್ ಫಿಲ್ಟರ್ ಬಿಚ್ಚಿ ತೊಳೆದು, ಒಣಗಿಸಿ, ಆಯಿಲ್ ಹಾಕುವುದು ಯಾರಿಗೂ ಬೇಡವಾದ ಕೆಲಸ. ನಾನು ಮನೆಯಲ್ಲೇ ಮೂರು ನಾಲ್ಕು ಫಿಲ್ಟರ್‌ಗೆ ಆಯಿಲ್ ಹಾಕಿ ಜಿಪ್ ಕವರಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ. ಸಂಜೆ ಬದಲಿಸಿದರೆ ಮುಗಿಯಿತು.

40-45 ನಿಮಿಷಕ್ಕೊಮ್ಮೆ ನಿಲ್ಲಿ. ಹೆಲ್ಮೆಟ್ ತೆಗೆಸಿ, ಮುಖ ನೋಡಿ. "ಸುಸ್ತಾಯ್ತಾ?" ಅಂತ ಕೇಳಿದರೆ ಇಲ್ಲ ಅಂತಲೇ ಹೇಳುತ್ತಾರೆ. ಕೇಳುವುದಕ್ಕಿಂತ ನೋಡುವುದು ಮೇಲು. ಸುಲಭದ ತಿರುವಿನಲ್ಲಿ ಗಾಡಿ ಆಫ್ ಆಗುವುದು, ನಿಂತು ಓಡಿಸುತ್ತಿದ್ದವರು ಸುಮ್ಮನೆ ಕೂತುಬಿಡುವುದು, ಬ್ರೇಕ್ ತಡವಾಗಿ ಹಿಡಿಯುವುದು. ಇವು ಕಂಡರೆ ಕ್ಯಾಂಪಿಗೆ ತಿರುಗಿ.

ಪೆಟ್ರೋಲಿನ ಲೆಕ್ಕ ಮೂರು ಪಾಲು: ಹೋಗಲು ಒಂದು, ಬರಲು ಒಂದು, ಕೈಯಲ್ಲಿ ಒಂದು. ಮಕ್ಕಳ ಬೈಕಿನ ಟ್ಯಾಂಕ್ ತೀರಾ ಚಿಕ್ಕದು. ಹಾಗಾಗಿ ಈ ಲೆಕ್ಕವೂ ಅವರದ್ದೇ ಟ್ಯಾಂಕಿನದ್ದು, ನಿಮ್ಮದಲ್ಲ.

ಮತ್ತೆ, ಸಂಜೆಯ "ಕೊನೆಯ ಒಂದು ರೌಂಡ್". ನಮ್ಮ ಮನೆಯಲ್ಲಿ ಆ ಮಾತನ್ನು ಆಡುವ ಹಾಗಿಲ್ಲ. ನನ್ನ ಮಣಿಕಟ್ಟು ಮುರಿದದ್ದು ಕೊನೆಯ ರೌಂಡಿನಲ್ಲಿ. ಎಲ್ಲರಿಗೂ ಇನ್ನೂ ಸ್ವಲ್ಪ ಆಸೆ ಉಳಿದಿರುವಾಗಲೇ ಎಂಜಿನ್ ಆಫ್ ಮಾಡುತ್ತೇವೆ.

ಗಾಡಿ ಕೈಕೊಟ್ಟರೆ

ಟೈರ್ ಲಿವರ್, ಪಂಪ್, ಟ್ಯೂಬ್, ಕ್ವಾಡಿಗೆ ಟ್ಯೂಬ್‌ಲೆಸ್ ಪ್ಲಗ್ ಕಿಟ್, ಸ್ಪಾರ್ಕ್ ಪ್ಲಗ್ ಮತ್ತು ಅದರ ಪಾನಾ, ಚೈನಿನ ಮಾಸ್ಟರ್ ಲಿಂಕ್, ಕ್ಲಚ್ ಮತ್ತು ಬ್ರೇಕ್ ಲಿವರ್ ಒಂದೊಂದು, ಜಿಪ್ ಟೈ, ತಂತಿ, ಗಟ್ಟಿ ಟೇಪು, ಎಳೆಯುವ ಪಟ್ಟಿ. ದೊಡ್ಡ ಬೈಕುಗಳಿಗೆ 21 ಇಂಚಿನ ಮುಂದಿನ ಟ್ಯೂಬ್ ಒಂದೇ ಸಾಕು. ಕಷ್ಟಕಾಲಕ್ಕೆ ಹಿಂದಿನ 18 ಇಂಚಿಗೂ ಅದನ್ನೇ ತುರುಕಿ ಕ್ಯಾಂಪ್ ಸೇರಬಹುದು.

ಕೆಟ್ಟ ಬೈಕನ್ನು ಎಳೆಯುವಾಗ ಪಟ್ಟಿಯನ್ನು ಗಂಟು ಹಾಕಬೇಡಿ. ಹಿಂದಿನ ಸವಾರರು ಪಟ್ಟಿಯನ್ನು ಕಾಲುಪೆಗ್ಗಿಗೆ ಒಂದೆರಡು ಸುತ್ತು ಸುತ್ತಿ, ಅದರ ಮೇಲೆ ಪಾದ ಒತ್ತಿ ಹಿಡಿಯಬೇಕು. ತೊಂದರೆ ಅನ್ನಿಸಿದರೆ ಪಾದ ಎತ್ತಿದರೆ ಸಾಕು, ಪಟ್ಟಿ ತಾನೇ ಬಿಚ್ಚಿಕೊಳ್ಳುತ್ತದೆ. ಇದನ್ನು ದೊಡ್ಡವರೇ ಮಾಡಲಿ.

ಹಳ್ಳದಲ್ಲಿ ಗಾಡಿ ಮುಳುಗಿ ಆಫ್ ಆದರೆ ಸ್ಟಾರ್ಟರ್ ಒತ್ತಲೇಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ದಡಕ್ಕೆ ತಂದು ಪ್ಲಗ್ ಬಿಚ್ಚಿ, ಫಿಲ್ಟರ್ ಹಿಂಡಿ, ನೀರೆಲ್ಲ ಹಾರಿಹೋಗುವ ತನಕ ಎಂಜಿನ್ ತಿರುಗಿಸಿ. ಆಮೇಲೆ ಆಯಿಲ್ ನೋಡಿ. ಹಾಲು ಬೆರೆಸಿದ ಹಾಗೆ ಕಂಡರೆ ಒಳಗೆ ನೀರು ಹೋಗಿದೆ, ಬದಲಿಸದೆ ಓಡಿಸಬೇಡಿ.

ಯಾರಾದರೂ ಬಿದ್ದರೆ

ಮೊದಲು ಹಿಂದಿನಿಂದ ಬರುವವರನ್ನು ತಡೆಯಿರಿ. ಒಬ್ಬರು ಹಿಂದಕ್ಕೆ ಓಡಿ ತಿರುವಿನಲ್ಲಿ ನಿಲ್ಲಲಿ. ಆಮೇಲೆ ಎಂಜಿನ್ ಆಫ್. ಕುತ್ತಿಗೆ ನೋವು ಅಂದರೆ, ಪ್ರಜ್ಞೆ ತಪ್ಪಿದ್ದರೆ ಅಲುಗಾಡಿಸಬೇಡಿ. ಉಸಿರಾಟಕ್ಕೆ ಅಡ್ಡಿ ಇಲ್ಲದಿದ್ದರೆ ಹೆಲ್ಮೆಟ್ ಕೂಡ ತೆಗೆಯಬೇಡಿ. ತಲೆಗೆ ಪೆಟ್ಟಾಗಿ ತಲೆನೋವು, ವಾಂತಿ, ಮಂಕು, ಕೇಳಿದ್ದನ್ನೇ ಕೇಳುವುದು ಕಂಡರೆ ನೇರ ವೈದ್ಯರ ಹತ್ತಿರ. ಏನೂ ಕಾಣದಿದ್ದರೂ ತಲೆಗೆ ಪೆಟ್ಟು ಬಿದ್ದವರಿಗೆ ಆ ದಿನ ಗಾಡಿ ಇಲ್ಲ, ಎಷ್ಟು ಅತ್ತರೂ ಇಲ್ಲ. ಹೊಟ್ಟೆಗೆ ಹ್ಯಾಂಡಲ್ ತುದಿ ಚುಚ್ಚಿದ ಮಗುವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಹೊರಗೆ ಸಣ್ಣ ಕೆಂಪು ಗುರುತು ಮಾತ್ರ ಇದ್ದು ಒಳಗೆ ರಕ್ತ ಸೋರುತ್ತಿರಬಹುದು. ಅವರನ್ನೂ ವೈದ್ಯರಿಗೆ ತೋರಿಸಿ.

ಪ್ರಥಮ ಚಿಕಿತ್ಸೆಯ ಚೀಲದಲ್ಲಿ ಒತ್ತು ಪಟ್ಟಿ, ಟೂರ್ನಿಕೆ (ಜೋರು ರಕ್ತಸ್ರಾವ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ), ಮುರಿದ ಮೂಳೆ ಅಲುಗದ ಹಾಗೆ ಕಟ್ಟುವ ಬಗ್ಗಿಸಬಹುದಾದ ಸ್ಪ್ಲಿಂಟ್, ಅಗಲದ ಕ್ರೇಪ್ ಬ್ಯಾಂಡೇಜ್, ಗಾಯ ತೊಳೆಯಲು ನೀರು, ಬಟ್ಟೆ ಕತ್ತರಿಸುವ ಕತ್ತರಿ ಇರಲಿ. ಬಳಸಲು ಕಲಿತಿರಿ, ಅದು ಮುಖ್ಯ. ಫೋನ್ ಸಿಗ್ನಲ್ ಇಲ್ಲದ ಕಡೆಗೆ ಗಾರ್ಮಿನ್ ಇನ್‌ರೀಚ್ ಥರದ ಸ್ಯಾಟಲೈಟ್ ಸಾಧನ ತೆಗೆದುಕೊಳ್ಳಿ. ಮ್ಯಾಪನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಗಂಟೆಗೆ ಬರುತ್ತೀರಿ ಅಂತ ಕ್ಯಾಂಪಿನಲ್ಲಿ ಉಳಿದವರಿಗೆ ಬರೆದುಕೊಟ್ಟು ಹೊರಡಿ. ಆ ಹೊತ್ತು ಮೀರಿ ಎಷ್ಟು ಕಾದ ಮೇಲೆ ಸಹಾಯಕ್ಕೆ ಕರೆಯಬೇಕು ಅನ್ನುವುದನ್ನೂ ಅದರಲ್ಲೇ ಬರೆಯಿರಿ.

ನಡುವೆ ಒಂದು ದಿನ ಬಿಡುವು, ಕೊನೆಗೆ ಒಂದು ಪೈಪು

ಐದು ದಿನದ ರಜೆಯಾದರೆ ಮೂರನೇ ದಿನ ಗಾಡಿ ಮುಟ್ಟಬೇಡಿ. ಎರಡು ದಿನ ಓಡಿಸಿದ ಮೇಲೆ ಮುಂಗೈ ಸೆಟೆದುಕೊಂಡು ಬಿರಡೆ ತಿರುಗಿಸಲೂ ಆಗುವುದಿಲ್ಲ. ಆ ದಿನ ಈಜು, ನಡಿಗೆ, ನಿದ್ದೆ, ಏನಾದರೂ ಸರಿ. ಗಾಡಿ ಓಡಿಸದವರು ಕೇಳಿದ್ದು ಮಾಡುವ ದಿನ ಅದು.

ವಾಪಸ್ ಹೊರಡುವ ಮುಂಚೆ ಕೆಸರು ತೊಳೆಯಿರಿ. ಟೈರಿನ ಗಂಟುಗಳಲ್ಲಿ ಸಿಕ್ಕಿಕೊಂಡ ಮಣ್ಣಿನ ಜೊತೆ ಕಳೆ ಬೀಜಗಳು ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುತ್ತವೆ. ಪ್ರೆಷರ್ ಪೈಪನ್ನು ಚಕ್ರದ ಬೇರಿಂಗ್‌ಗೆ, ರೇಡಿಯೇಟರಿಗೆ ನೇರ ಹಿಡಿಯಬೇಡಿ, ಸೈಲೆನ್ಸರಿನ ಬಾಯಿ ಮುಚ್ಚಿ. ಒಣಗಿದ ಮೇಲೆ ಚೈನಿಗೆ ಆಯಿಲ್ ಹಾಕಿ. ಹಾಗೇ ಆ ಮೊದಲ ಹಾಳೆಯನ್ನು ತೆಗೆದು, ಪ್ರತಿ ಮಗುವಿನ ಹೆಸರಿನ ಮುಂದೆ ಕಾಲಿನ ಅಳತೆಯನ್ನು ಮತ್ತೆ ತೆಗೆದುಕೊಂಡು ತಾರೀಖು ಹಾಕಿ ಬರೆಯಿರಿ. ಮುಂದಿನ ರಜೆಯ ಹೊತ್ತಿಗೆ ಈ ಬೈಕ್ ಚಿಕ್ಕದಾಗಿರುತ್ತದೆ.